ಆ ಟ್ಯೂಬನ್ನು ತಿರುಗಿಸಿ ಓದಿ

ಪ್ರಶ್ನೆ: ನನಗೆ 23 ವರ್ಷ. ಕೆನ್ನೆ ಮೇಲೆ ಆಗೀಗ ನಾಲ್ಕೈದು ಮೊಡವೆ ಏಳುತ್ತಿದ್ದವು. ಗಂಡಿನ ಕಡೆಯವರು ನೋಡಲು ಬರುತ್ತಾರೆಂದು ಅಕ್ಕ ಮೆಡಿಕಲ್ ಶಾಪಿನಿಂದ ಒಂದು ಕ್ರೀಮ್ ತಂದುಕೊಟ್ಟಳು. ಹದಿನೈದೇ ದಿನದಲ್ಲಿ ಮುಖ ಬೆಳ್ಳಗೆ, ನುಣ್ಣಗಾಯಿತು. ಎಂಟು ತಿಂಗಳಿಂದ ಹಚ್ಚುತ್ತಿದ್ದೇನೆ. ಈಗ ಎರಡು ದಿನ ಬಿಟ್ಟರೂ ಮುಖವೆಲ್ಲ ಕೆಂಪು ಗುಳ್ಳೆ, ತುರಿಕೆ. ರೊಟ್ಟಿ ಬಡಿಯಲು ಒಲೆ ಮುಂದೆ ಕೂತರೆ ಉರಿ ತಡೆಯೋಕಾಗಲ್ಲ. ಕೆನ್ನೆ ಮೇಲೆ ಸಣ್ಣ ಕೂದಲೂ ಬಂದಿದೆ. ಮೈ ಉಷ್ಣ ಅಂತ ಅವ್ವ ಕಾಮಕಸ್ತೂರಿ ಬೀಜದ ನೀರು ಕುಡಿಸುತ್ತಿದ್ದಾಳೆ. ಮದುವೆಗೆ ಇನ್ನು ಮೂರು ತಿಂಗಳು. ಇದಕ್ಕಿಂತ ಜೋರಾದ ಕ್ರೀಮ್ ಯಾವುದಿದೆ?
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಜೋರಾದದ್ದು ಈಗಾಗಲೇ ನಿಮ್ಮ ಕೈಯಲ್ಲಿದೆ ತಂಗೀ. ಕಾಟ ಕೊಡುತ್ತಿರುವುದೂ ಅದೇ ಅನ್ನಿಸುತ್ತದೆ.

ನನ್ನಲ್ಲಿಗೆ ಬರುವವರಿಗೆ ಮುಖಕ್ಕೆ ಹಚ್ಚಿದ್ದನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ ಎನ್ನುತ್ತೇನೆ. ಸೋಪು, ಫೇಸ್‌ವಾಶ್ ಎಲ್ಲ ಆದಮೇಲೆ ಕೊನೆಗೆ, ಸ್ವಲ್ಪ ನಾಚಿಕೆಯಿಂದ, ಹಿಂಡಿ ಹಿಂಡಿ ಚಪ್ಪಟೆಯಾದ ಒಂದು ಟ್ಯೂಬ್ ಹೊರಬರುತ್ತದೆ. ನಿಮ್ಮದನ್ನೂ ತಿರುಗಿಸಿ ಸಣ್ಣಕ್ಷರ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸೋಲ್ – ಇವುಗಳಲ್ಲಿ ಯಾವುದಿದ್ದರೂ ಅದು ಸ್ಟೀರಾಯ್ಡ್. ಜೊತೆಗೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಇದ್ದರೆ ಅದು ಬಂಗಿಗೆಂದು, ಅಂದರೆ ಮುಖದ ಕಂದು ಕಲೆಗೆಂದು, ಡಾಕ್ಟರು ಕೆಲವು ವಾರಕ್ಕಷ್ಟೇ ಬರೆದುಕೊಡುವ ಮದ್ದು. 2018ರಿಂದ ಇಂಥ ಹಲವು ಮುಲಾಮುಗಳನ್ನು ಚೀಟಿಯಿಲ್ಲದೆ ಮಾರುವಂತಿಲ್ಲ. ಕೇಳುವವರು ಯಾರು, ಬಿಡಿ.

ಸ್ಟೀರಾಯ್ಡ್ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಊತ ಅಡಗಿಸುತ್ತದೆ. ಮೊದಲ ವಾರಗಳ ಬಿಳುಪು, ನುಣುಪು ಅದರದ್ದೇ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿಸಿಲು, ಬೆಂಕಿ ಯಾವುದನ್ನೂ ತಾಳದು. ನಿಮ್ಮ ಕೂದಲಿಗೂ ಬಹುಶಃ ಅದೇ ಕಾರಣ, ಬಿಟ್ಟಮೇಲೆ ನಿಧಾನವಾಗಿ ಕಡಿಮೆಯಾಗುತ್ತದೆ. ಮುಟ್ಟು ಏರುಪೇರಾಗಿದ್ದು ಗದ್ದದಲ್ಲಿ ಒರಟು ಕೂದಲಿದ್ದರೆ ಮಾತ್ರ ಪಿಸಿಓಎಸ್ (ಅಂಡಾಶಯದ ಹಾರ್ಮೋನ್ ಏರುಪೇರು) ಪರೀಕ್ಷೆಯೂ ಆಗಲಿ. ಅವ್ವನ ಕಾಮಕಸ್ತೂರಿ ನೀರಿಗೆ ನನ್ನ ತಕರಾರಿಲ್ಲ, ತಂಪಾಗಿರುತ್ತದೆ, ಕುಡಿಯಿರಿ.

ಮೊಡವೆಯಾದರೆ ನಾನು ಮೊದಲು ಹುಡುಕುವುದು ಮೂಗು, ಹಣೆಯ ಕಪ್ಪುಚುಕ್ಕೆಗಳನ್ನು (ಬ್ಲ್ಯಾಕ್‌ಹೆಡ್). ಸ್ಟೀರಾಯ್ಡಿನ ಗುಳ್ಳೆಗಳಲ್ಲಿ ಅವು ಕಡಿಮೆ. ಎಲ್ಲ ಒಂದೇ ಅಳತೆಯವು, ರಾಗಿ ಎರಚಿದ ಹಾಗೆ. ಆದರೂ ಕಾಗದ ನೋಡಿ ರೋಗ ತೀರ್ಮಾನಿಸಲಾರೆ. ಇದೇ ವಾರ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ, ಟ್ಯೂಬ್ ಮರೆಯಬೇಡಿ. ಒಮ್ಮೆಲೇ ನಿಲ್ಲಿಸುವುದೋ, ಕಡಿಮೆ ಶಕ್ತಿಯದಕ್ಕೆ ಇಳಿಸಿ ಬಿಡಿಸುವುದೋ ಅಲ್ಲಿ ಹೇಳುತ್ತಾರೆ. ಹೇಗೆ ಬಿಟ್ಟರೂ ಕೆಲವು ವಾರ ಮುಖ ಕೆರಳುತ್ತದೆ. ಹೆಚ್ಚಿನವರು ಸೋತು ಮತ್ತೆ ಟ್ಯೂಬಿಗೆ ಕೈಹಾಕುವುದು ಆಗಲೇ. ಆ ದಿನಗಳಿಗೆ ಪರಿಮಳವಿಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್ ಸಾಕು. ಬೇಕೆನಿಸಿದರೆ ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ ಕೊಡಬಹುದು. ಹಳೆಯ ಮೊಡವೆಗೆ ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಇವೆಯಾದರೂ ಈಗ ಹಚ್ಚಿದರೆ ಉರಿ ಹೆಚ್ಚುತ್ತದೆ. ಮದುವೆ ಹತ್ತಿರವಿದೆಯೆಂದು ಡಾಕ್ಟರಿಗೆ ತಿಳಿಸಿ. ಜೋರು ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುವಾಗ ಬಸಿರಾಗಲೇಬಾರದು, ಕೂಸಿಗೆ ಅಂಗವೈಕಲ್ಯ ಬರಬಹುದು.

ಬ್ಲೀಚು, ಫೇಶಿಯಲ್ಲು, ನಿಂಬೆರಸ ಯಾವುದೂ ಬೇಡ. ಅರಿಶಿನ ಹಚ್ಚುವ ದಿನ ಕೈಕಾಲಿಗೆ ಎಷ್ಟಾದರೂ ಹಚ್ಚಲಿ, ಮುಖಕ್ಕೆ ಮಾತ್ರ ಬೇಡವೆಂದು ಮುತ್ತೈದೆಯರಿಗೆ ಮೊದಲೇ ಹೇಳಿಡಿ. ಗೊಣಗಿದರೆ, ಡಾಕ್ಟರಮ್ಮ ಬೈತಾರೆ ಅನ್ನಿ.