ಬೆಟ್ಟದಲ್ಲಿ ಮಂಗ ಸತ್ತಿದೆ, ಯಾರಿಗೆ ಹೇಳಬೇಕು?

ಪ್ರಶ್ನೆ: ನಮ್ಮದು ಸಿದ್ದಾಪುರ ತಾಲ್ಲೂಕಿನ ಹಳ್ಳಿ. ಸೊಪ್ಪಿನ ಬೆಟ್ಟದಲ್ಲಿ ಕಳೆದ ವಾರ ಮಂಗವೊಂದು ಸತ್ತು ಬಿದ್ದಿತ್ತು. ಅಲ್ಲಿಂದ ದರಕು (ಉದುರಿದ ಒಣ ಎಲೆ) ತರುವ ನಮ್ಮ ತೋಟದ ಕೆಲಸದಾಕೆಗೆ ನಿನ್ನೆಯಿಂದ ಜ್ವರ. ಯಾರಿಗೆ ಹೇಳಬೇಕು? ಆರೋಗ್ಯ ಇಲಾಖೆಯಿಂದ ಏನು ಸಿಗುತ್ತದೆ? ಲಸಿಕೆ ಇದೆಯಾ?

ಉತ್ತರ: ಮೊದಲು ಜ್ವರ, ಮಂಗನ ವಿಷಯ ಆಮೇಲೆ. ಇದು ಮಂಗನ ಕಾಯಿಲೆ ಇರಬಹುದು. ಅವರನ್ನು ಇವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. ಬೆಟ್ಟಕ್ಕೆ ಹೋಗಿದ್ದರು, ಅಲ್ಲಿ ಮಂಗ ಸತ್ತಿತ್ತು ಅಂತ ವೈದ್ಯರು ಕೇಳುವ ಮೊದಲೇ ಹೇಳಿ. ಈ ಮಾತು ಹೇಳದಿದ್ದರೆ ಮಾಮೂಲಿ ಜ್ವರ ಅಂದುಕೊಳ್ಳುವುದು ಸುಲಭ. ರಕ್ತ ತೆಗೆದು ಪರೀಕ್ಷೆಗೆ ಕಳಿಸುತ್ತಾರೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲ ವಾರದೊಳಗೆ ರಕ್ತ ಕೊಟ್ಟರೆ ವೈರಸ್ ಸಿಗುವ ಸಾಧ್ಯತೆ ಜಾಸ್ತಿ. ಕೂಲಿ ತಪ್ಪುತ್ತದೆ ಅಂತ ಜ್ವರ ಮುಚ್ಚಿಟ್ಟು ಕೆಲಸಕ್ಕೆ ಬರುವವರಿದ್ದಾರೆ. ದಯವಿಟ್ಟು ಆ ದಿನದ ಕೂಲಿ ಕೊಟ್ಟೇ ಆಸ್ಪತ್ರೆಗೆ ಕಳಿಸಿ.

ಮಂಗನ ಕಾಯಿಲೆ ವೈರಸ್‌ನಿಂದ ಬರುತ್ತದೆ. ಅದನ್ನು ಕೊಲ್ಲುವ ಔಷಧಿ ಇಲ್ಲ, ಆದರೆ ಆಸ್ಪತ್ರೆಯ ಆರೈಕೆಯಿಂದ ಹೆಚ್ಚಿನವರು ಗುಣವಾಗುತ್ತಾರೆ. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ತರಹದವು ರಕ್ತಸ್ರಾವ ಹೆಚ್ಚಿಸಬಹುದು. ಮೂಗು, ಒಸಡಿನಿಂದ ರಕ್ತ ಬಂದರೆ ಕಾಯದೆ 108ಕ್ಕೆ ಫೋನ್ ಮಾಡಿ. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಜ್ವರ, ಜೋರು ತಲೆನೋವು, ನಡುಕ ಬರುತ್ತದೆ. ಆಗ ಮತ್ತೆ ತೋರಿಸಲೇಬೇಕು. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅವರನ್ನು ಯಾರೂ ದೂರ ಇಡಬೇಕಿಲ್ಲ.

ಇನ್ನು ಮಂಗ. ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರಕ್ಕೆ ಅಥವಾ ಪಂಚಾಯಿತಿಗೆ ಹೇಳಿದರೆ ಸಾಕು. ವಾರ ಕಳೆಯಿತಲ್ಲ ಅಂತ ಸುಮ್ನೆ ಕೂರಬೇಡಿ. ಮಂಗ ಸತ್ತ ಮೇಲೆ ಅದರ ಮೈಮೇಲಿದ್ದ ಉಣುಗುಗಳು (ರಕ್ತ ಹೀರುವ ಉಣ್ಣೆ ಹುಳುಗಳು) ಕೆಳಗಿಳಿದು ಸುತ್ತಲಿನ ಒಣ ಎಲೆಯಲ್ಲಿ ಸೇರಿಕೊಳ್ಳುತ್ತವೆ. ಜನರಿಗೆ ರೋಗ ಹರಡುವುದು ಹೆಚ್ಚಾಗಿ ಎಳ್ಳಿಗಿಂತ ದೊಡ್ಡದಿರದ ಮರಿ ಉಣುಗು. ಕಚ್ಚಿದ್ದೂ ಗೊತ್ತಾಗುವುದಿಲ್ಲ. ಅದಕ್ಕೇ ಆ ಜಾಗಕ್ಕೆ ಕೀಟನಾಶಕ ಪುಡಿ ಹಾಕಿಸುತ್ತಾರೆ. ಸತ್ತ ಮಂಗವನ್ನು ನೀವೇ ಮುಟ್ಟುವುದು, ಹೂಳುವುದು ಬೇಡ.

ಲಸಿಕೆ: ಹಿಂದೆ ಕೊಡುತ್ತಿದ್ದರು. ಅದರಿಂದ ಸಾಕಷ್ಟು ರಕ್ಷಣೆ ಸಿಗದ ಕಾರಣ 2022ರಲ್ಲಿ ನಿಲ್ಲಿಸಿದರು.

ಹಾಗಾಗಿ ಈಗ ನಿಮ್ಮ ಕೈಯಲ್ಲಿರುವುದು ಡೇಪಾ ಎಣ್ಣೆ, ಅಂದರೆ ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ. ಮಂಗನ ಕಾಯಿಲೆ ಕಾಣಿಸಿಕೊಳ್ಳುವ ಊರುಗಳಲ್ಲಿ ಆರೋಗ್ಯ ಇಲಾಖೆ ಇದನ್ನು ಉಚಿತವಾಗಿ ಹಂಚುತ್ತದೆ. ಮನೆಯವರಿಗಷ್ಟೇ ಅಲ್ಲ, ಕೆಲಸಕ್ಕೆ ಬರುವ ಎಲ್ಲರಿಗೂ ಕೇಳಿ ತನ್ನಿ. ಬೆಟ್ಟಕ್ಕೆ ಹೊರಡುವ ಮೊದಲು ಕೈಕಾಲಿಗೆ, ಕುತ್ತಿಗೆಗೆ ಹಚ್ಚಿಕೊಳ್ಳಿ. ತುಂಬು ತೋಳಿನ ಬಟ್ಟೆ ಇರಲಿ, ದರಕಿನ ಮೇಲೆ ಕೂತು ಕವಳ ಹಾಕುವುದು ಬೇಡ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೈ ತೊಳೆದುಕೊಳ್ಳಿ. ಡಿಸೆಂಬರ್‌ನಿಂದ ಮೇ ತನಕ, ಮಳೆ ಹಿಡಿಯುವವರೆಗೂ ಇದನ್ನು ಬಿಡಬೇಡಿ. ಮಂಗ ಸತ್ತ ಜಾಗದಿಂದ ಈ ವರ್ಷ ದರಕು ತರಬೇಡಿ, ದನ ಅಟ್ಟಬೇಡಿ. ದನದ ಮೈಗೆ ಹತ್ತಿದ ಉಣುಗು ಕೊಟ್ಟಿಗೆಗೇ ಬರುತ್ತದೆ, ಅದಕ್ಕೆ ಹಚ್ಚುವ ಔಷಧಿಯನ್ನು ಪಶು ಆಸ್ಪತ್ರೆಯಲ್ಲಿ ಕೇಳಿ.