ಈಜಿಪ್ಟಿನ ರೊಟ್ಟಿಯ ಮೇಲೇಕೆ ಸಿಟ್ಟು? (ಸಂಪಾದಕರ ಉತ್ತರ)

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ಈಜಿಪ್ಟ್ ಸಾಲದಲ್ಲಿ ಮುಳುಗಿದ್ದೇ ರೊಟ್ಟಿಯ ಸಬ್ಸಿಡಿಯಿಂದ. ಅದನ್ನು ನಿಲ್ಲಿಸಿ ದುಡ್ಡನ್ನು ಜನರ ಖಾತೆಗೆ ಹಾಕಿದರೆ ಸೋರಿಕೆಯೂ ನಿಲ್ಲುತ್ತದೆ, ದೇಶವೂ ಉಳಿಯುತ್ತದೆ. ನಿಮ್ಮ ಪತ್ರಿಕೆ ಇದನ್ನೇಕೆ ಹೇಳುವುದಿಲ್ಲ?”

ಅಂಕಿಗಳನ್ನು ಹುಡುಕಿ, ಶ್ರದ್ಧೆಯಿಂದ ಬರೆದಿದ್ದೀರಿ. ಸೋರಿಕೆ ಇದ್ದದ್ದು ನಿಜ. 1988ರಿಂದ 2024ರವರೆಗೆ ರೊಟ್ಟಿಗೆ 5 ಪಿಯಾಸ್ಟರ್ (ನೂರು ಪಿಯಾಸ್ಟರ್ ಸೇರಿದರೆ ಈಜಿಪ್ಟಿನ ಒಂದು ಪೌಂಡ್) ಎಂಬ ದರವನ್ನು ಮುಟ್ಟದೇ ಬಿಟ್ಟದ್ದು ಜಾಣತನವಲ್ಲ. ರೊಟ್ಟಿ ಮೇವಿಗಿಂತ ಅಗ್ಗವಾಗಿ ದನಗಳ ಪಾಲಾಯಿತು. ಇಷ್ಟನ್ನು ಒಪ್ಪುತ್ತೇನೆ.

ಆದರೆ ಸೋರುತ್ತಿದ್ದದ್ದು ಎಲ್ಲಿ ಎಂದು ನೋಡಿದಿರಾ? 2014ಕ್ಕೆ ಮೊದಲು ರಿಯಾಯಿತಿ ಇದ್ದದ್ದು ಹಿಟ್ಟಿನ ಮೇಲೆ. ಬೇಕರಿಯವನಿಗೆ ರೊಟ್ಟಿ ಸುಟ್ಟು ಮಾರುವುದಕ್ಕಿಂತ ಅಗ್ಗದ ಮೂಟೆಯನ್ನೇ ಕಾಳಸಂತೆಗೆ ದಾಟಿಸುವುದು ಲಾಭದ ಕೆಲಸವಾಗಿತ್ತು. 2014ರಲ್ಲಿ ರಿಯಾಯಿತಿಯನ್ನು ಹಿಟ್ಟಿನಿಂದ ತೆಗೆದು ಬೆಂದ ರೊಟ್ಟಿಗೆ ತಂದರು. ಬೇಕರಿಯವನು ಪೂರ್ತಿ ದರಕ್ಕೆ ಹಿಟ್ಟು ಕೊಳ್ಳಬೇಕು, ಗಿರಾಕಿಯ ಪಡಿತರ ಕಾರ್ಡನ್ನು ಯಂತ್ರದಲ್ಲಿ ಉಜ್ಜಬೇಕು. ಅಲ್ಲಿ ದಾಖಲಾದ ರೊಟ್ಟಿಗಷ್ಟೇ ಸರ್ಕಾರ ವ್ಯತ್ಯಾಸದ ಹಣ ತುಂಬಿಕೊಡುತ್ತದೆ. ತಲೆಗೆ ದಿನಕ್ಕೆ 5 ರೊಟ್ಟಿ. ಕೊಳ್ಳದೆ ಬಿಟ್ಟ ರೊಟ್ಟಿಗೆ ಅಂಕ, ಆ ಅಂಕಕ್ಕೆ ಬೇರೆ ದಿನಸಿ. ಹಾಗಾಗಿ ದನಕ್ಕೆ ಹಾಕುವ ಆಸೆಯೂ ಕುಗ್ಗುತ್ತದೆ.

ಉಳಿದ ತೂತೆಂದರೆ ಕಾರ್ಡಿಲ್ಲದವರಿಗಾಗಿ ಬೇಕರಿಯವರ ಕೈಗೇ ಕೊಟ್ಟಿದ್ದ ‘ಚಿನ್ನದ ಕಾರ್ಡು’. 2017ರ ಮಾರ್ಚಿನಲ್ಲಿ ಅದರ ಮಿತಿಯನ್ನು ದಿನಕ್ಕೆ 500 ರೊಟ್ಟಿಗೆ ಇಳಿಸಿದಾಗ ಅಲೆಕ್ಸಾಂಡ್ರಿಯಾ ಮೊದಲಾದ ಕಡೆ ಜನ ಬೀದಿಗಿಳಿದರು. ಹೊಸ ಕಾರ್ಡು ಕೈಸೇರದ ಬಡವರು ನೆಚ್ಚಿದ್ದೂ ಅದನ್ನೇ. ಮೊದಲು ಕಾರ್ಡು ಹಂಚಿ ಆಮೇಲೆ ತೂತು ಮುಚ್ಚಬೇಕಿತ್ತು.

ಇನ್ನು ನೀವು ಹೇಳುವ ನಗದು. ನಾಲ್ವರ ಮನೆಗೆ ತಿಂಗಳಿಗೆ 600 ರೊಟ್ಟಿ. 2024ರ ಜೂನ್ 1ರಿಂದ ದರ 20 ಪಿಯಾಸ್ಟರ್, ಅಂದರೆ ಮನೆಯ ಖರ್ಚು 120 ಪೌಂಡ್. ಆಗ ಸರ್ಕಾರವೇ ಹೇಳಿದ ವೆಚ್ಚ ರೊಟ್ಟಿಗೆ 125 ಪಿಯಾಸ್ಟರ್, ಒಟ್ಟು 750 ಪೌಂಡ್. ನಡುವಿನ 630 ಪೌಂಡನ್ನು ಖಾತೆಗೆ ಹಾಕಿದರು ಎಂದೇ ಇಟ್ಟುಕೊಳ್ಳಿ. ಆ ದೇಶ ತಿನ್ನುವ ಗೋಧಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಹಡಗಿನಲ್ಲಿ, ಡಾಲರ್ ಕೊಟ್ಟು. 2022ರ ಆರಂಭದಲ್ಲಿ ಡಾಲರಿಗೆ 16 ಪೌಂಡಿನಷ್ಟಿದ್ದ ದರ 2024ರ ಮಾರ್ಚಿನ ಅಪಮೌಲ್ಯದ ನಂತರ 50ರ ಹತ್ತಿರಕ್ಕೆ ಹೋಯಿತು. 2023ರ ಸೆಪ್ಟೆಂಬರಿನಲ್ಲಿ ಹಣದುಬ್ಬರ ಶೇ 38. ಆಹಾರದ ಬೆಲೆಯೇರಿಕೆ ಶೇ 70 ದಾಟಿತ್ತು. ಹಿಟ್ಟಿನ ಬೆಲೆ ವಾರವಾರ ಏರುತ್ತದೆ, ಖಾತೆಯ 630 ಏರುವುದು ಸಚಿವ ಸಂಪುಟ ಮನಸ್ಸು ಮಾಡಿದಾಗ. ಐದು ರೊಟ್ಟಿ ಮಾತ್ರ ಐದೇ ಇರುತ್ತದೆ. ತೂಕದಲ್ಲಿ ಕತ್ತರಿ ಹಾಕಬಹುದು, 2020ರಲ್ಲಿ 110 ಗ್ರಾಮನ್ನು 90ಕ್ಕೆ ಇಳಿಸಿದರು. ಆದರೆ ಅದು ತಕ್ಕಡಿಯಲ್ಲಿ ಕಾಣುವ ಮೋಸ.

ನಮ್ಮಲ್ಲೇ ನೋಡಿ. ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿಯ ಬದಲಿಗೆ 2023ರ ಜುಲೈಯಿಂದ ಕೊಟ್ಟದ್ದು ಕೆ.ಜಿ.ಗೆ 34ರಂತೆ ತಲೆಗೆ 170 ರೂಪಾಯಿ. ಕೊಟ್ಟಷ್ಟು ಕಾಲವೂ ಆ 34 ಅಲುಗಲಿಲ್ಲ. 2025ರಲ್ಲಿ ಸರ್ಕಾರ ಮತ್ತೆ ಅಕ್ಕಿಗೇ ಮರಳಿತು. ಇದನ್ನು ಕಣ್ಣಾರೆ ಕಂಡ ನೀವೂ ಕೈರೋದವರಿಗೆ ನಗದು ಸಾಕೆನ್ನುವುದು ನನಗೆ ಬೇಸರ ತಂದಿತು.

ಸಾಲಕ್ಕೆ ರೊಟ್ಟಿ ಕಾರಣ ಎಂದಿರಲ್ಲ? 2024–25ರ ಬಜೆಟ್ಟಿನಲ್ಲಿ ಆಹಾರ ಸಬ್ಸಿಡಿಗೆ ಇಟ್ಟದ್ದು ಸುಮಾರು 13,400 ಕೋಟಿ ಪೌಂಡ್, ಬಡ್ಡಿಗೆ 1.8 ಲಕ್ಷ ಕೋಟಿ, ಹದಿಮೂರು ಪಟ್ಟಿಗೂ ಹೆಚ್ಚು. ಮರುಭೂಮಿಯಲ್ಲಿ ಎದ್ದ ಹೊಸ ರಾಜಧಾನಿಯನ್ನು ‘ಅಭಿವೃದ್ಧಿ’ ಎಂದೂ ಏಳು ಕೋಟಿ ಜನರ ರೊಟ್ಟಿಯನ್ನು ‘ಹೊರೆ’ ಎಂದೂ ಬರೆಯುವುದನ್ನು ನಮ್ಮ ಪತ್ರಿಕೆಗಳೂ ಕಲಿತುಬಿಟ್ಟಿವೆ. ಬಡವರ ಊಟಕ್ಕೆ ಮಾತ್ರ ಲೆಕ್ಕ ಕೇಳುವ ಈ ಚಾಳಿ ಬೆಂಗಳೂರಿನಲ್ಲೂ ಅಷ್ಟೇ ಬಲವಾಗಿದೆ.

ಹೊರೆ ಇಳಿಸಲು ದಾರಿ ಬೇಕೆಂದರೆ ಅಲ್ಲಿನ ರೈತರ ಕಡೆ ನೋಡಿ. 2022ರಲ್ಲಿ ಫೆದ್ದಾನಿಗೆ, ಅಂದರೆ ಎಕರೆಗಿಂತ ತುಸು ಹೆಚ್ಚಿನ ನೆಲಕ್ಕೆ, 12 ಅರ್ದಬ್ ಗೋಧಿಯನ್ನು ಸರ್ಕಾರಕ್ಕೇ ಕೊಡಬೇಕೆಂದು ಕಟ್ಟಪ್ಪಣೆ ಮಾಡಿದರು. ಅರ್ದಬ್ ಎಂದರೆ 150 ಕೆ.ಜಿ. ಕಟ್ಟಪ್ಪಣೆಯಿಂದ ಗೋಧಿಯ ಬಿತ್ತನೆ ಹೆಚ್ಚುವುದಿಲ್ಲ. ನವೆಂಬರಿನ ಬಿತ್ತನೆಗೆ ಮೊದಲೇ ಒಳ್ಳೆಯ ಖರೀದಿ ದರ ಘೋಷಿಸಿ, ಏಪ್ರಿಲಿನಲ್ಲಿ ತೂಕ ಹಾಕಿದೊಡನೆ ದುಡ್ಡು ಕೈಗಿಟ್ಟರೆ ಹೆಚ್ಚುತ್ತದೆ.