ಬ್ಯಾಗಿನ ಒಳಜೇಬಿನ ಬಾಟಲಿ

ನನ್ನ ಬಳಿ ಸಲಹೆಗೆ ಬಂದವಳ ವಯಸ್ಸು 27. ಊರು ಉಡುಪಿ ಕಡೆ, ಕೆಲಸ ಮಂಗಳೂರಲ್ಲಿ. ಗುರುತು ಸಿಗಬಾರದೆಂದು ಉಳಿದ ವಿವರ ಬದಲಿಸಿದ್ದೇನೆ, ಹೆಸರೂ ಬೇಡ.

ಆಕೆ ಬಂದದ್ದು ನಿದ್ದೆ ಬರುವುದಿಲ್ಲ ಎಂದು. ರಾತ್ರಿ ಎರಡು ಗಂಟೆಗೆ ಎದೆ ಢವಢವ ಅನ್ನುತ್ತದೆ, ಬಾಯಿ ಒಣಗುತ್ತದೆ, ಸುಮ್ಸುಮ್ನೆ ಅಮ್ಮನ ಮೇಲೆ ರೇಗುತ್ತೇನೆ ಅಂದಳು. ಟೆನ್ಶನ್ ಇರಬೇಕು ಅಂತ ತಾನೇ ತೀರ್ಮಾನ ಮಾಡಿಕೊಂಡಿದ್ದಳು. ಮೊದಲ ದಿನ ನಾನೂ ಹಾಗೇ ಅಂದುಕೊಂಡೆ, ಸುಳ್ಳು ಯಾಕೆ ಹೇಳಲಿ.

ಎರಡನೇ ಸಲ ಬಂದಾಗ ಕೇಳಿದೆ, "ಬೆಳಿಗ್ಗೆ ಎಂತ ತಿಂದ್ರಿ?"

"ಕಾಫಿ ಕುಡಿದೆ."

"ಮಧ್ಯಾಹ್ನ?"

"ಹಸಿವಾಗಲ್ಲ ಮೇಡಂ. ನಾಲ್ಕು ವರ್ಷ ಆಯ್ತು."

ಪೆನ್ನು ಕೆಳಗಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬ್ಯಾಗಿನ ಒಳಜೇಬಿನಿಂದ ಒಂದು ಬಿಳಿ ಬಾಟಲಿ ತೆಗೆದಳು. ಮೇಲೆ ಎಲೆಯ ಚಿತ್ರ ಇತ್ತು. ಒಳಗೆ ಏನಿದೆ, ಎಲ್ಲಿ ತಯಾರಾದದ್ದು, ಒಂದೂ ಇಲ್ಲ. ತೂಕ ಇಳಿಸುವ ಮಾತ್ರೆ, ಅಕ್ಕನ ಮದುವೆಗೆ ಮೂರು ತಿಂಗಳಿರುವಾಗ ವಾಟ್ಸಾಪ್‌ನಲ್ಲಿ ತರಿಸಿದ್ದಂತೆ. "ಪೂರ್ತಿ ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅಂದಿದ್ದರಂತೆ. ಆಗ 9 ಕೆಜಿ ಇಳಿಯಿತು. ಬಿಟ್ಟಾಗ 11 ಕೆಜಿ ಏರಿತು. ಮತ್ತೆ ಶುರು.

ನನಗೆ ಭಯವಾದದ್ದು ಆ ಎಲೆಯ ಚಿತ್ರ ನೋಡಿ. ಸೈಬುಟ್ರಮಿನ್ ಎಂಬ ಹಸಿವು ತಗ್ಗಿಸುವ ಔಷಧವನ್ನು ಹಿಂದೆ ವೈದ್ಯರೇ ಬರೆದುಕೊಡುತ್ತಿದ್ದರು. ಹೃದಯದ ತೊಂದರೆ ಇದ್ದವರಿಗೆ ಅದರಿಂದ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಜಾಸ್ತಿ ಆಗುವುದು ಗೊತ್ತಾಗಿ, 2010ರಲ್ಲಿ ಯುರೋಪ್, ಅಮೆರಿಕಗಳ ಮಾರುಕಟ್ಟೆಯಿಂದ ಹೊರಬಿತ್ತು. ಆಮೇಲೆ ನಮ್ಮಲ್ಲೂ ನಿಷೇಧವಾಯಿತು. ಆದರೆ 'ನ್ಯಾಚುರಲ್' ಅಂತ ಮಾರುವ ಕ್ಯಾಪ್ಸೂಲ್‌ಗಳಲ್ಲಿ ಅದೇ ಔಷಧ ಪದೇಪದೇ ಸಿಕ್ಕಿದೆ. ಕೆಲವದರಲ್ಲಿ ಥೈರಾಯ್ಡ್ ಹಾರ್ಮೋನ್, ಮೂತ್ರ ಹೆಚ್ಚಿಸುವ ಮಾತ್ರೆ, ಭೇದಿ ಮಾತ್ರೆಯೂ ಬೆರೆತಿರುತ್ತವೆ. ವರ್ಷಗಟ್ಟಲೆ ನುಂಗಿದರೆ ಬಿಪಿ ಏರಬಹುದು, ಪೊಟ್ಯಾಸಿಯಂ ಇಳಿದು ಎದೆಬಡಿತ ತಾಳ ತಪ್ಪಬಹುದು, ಹಾರ್ಮೋನ್ ಜಾಸ್ತಿಯಾಗಿ ಮೂಳೆ ಸವೆಯಬಹುದು. 1997ರಲ್ಲಿ ಹಿಂತೆಗೆದುಕೊಂಡ ಫೆನ್‌ಫ್ಲುರಮಿನ್ ಎಂಬ ಇನ್ನೊಂದು ಹಸಿವು ತಗ್ಗಿಸುವ ಔಷಧ ಅಂತೂ ಹೃದಯದ ಕವಾಟಗಳನ್ನೇ ಕೆಡಿಸುತ್ತಿತ್ತು.

ಬಾಟಲಿ ಬಿಸಾಡಿ ಅನ್ನಲಿಲ್ಲ. "ಇನ್ನು ಒಂದೂ ನುಂಗಬೇಡಿ. ನಾಳೆ ಬೆಳಿಗ್ಗೆ ಇದನ್ನು ಡಾಕ್ಟರ ಮೇಜಿನ ಮೇಲೆ ಇಡಿ" ಅಂದೆ. ಅದಕ್ಕೆ ಕಾರಣ ಉಂಟು. ಒಳಗೆ ಸೈಬುಟ್ರಮಿನ್ ಇದ್ದು, ಗೊತ್ತಿಲ್ಲದೆ ಯಾರಾದರೂ ಖಿನ್ನತೆಯ ಮಾತ್ರೆ ಕೊಟ್ಟರೆ ಎರಡೂ ಸೇರಿ ಜೀವಕ್ಕೇ ಕುತ್ತಾಗಬಹುದು. ಮಾತ್ರೆಯ ಸಂಗತಿಯನ್ನು ಆಕೆ ಅಲ್ಲಿಯವರೆಗೆ ಯಾವ ಡಾಕ್ಟರಿಗೂ ಹೇಳಿರಲಿಲ್ಲ. ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ ನನಗೆ ಫೋನ್ ಮಾಡುತ್ತಾ ಕೂರಬಾರದು, ನೇರ ಆಸ್ಪತ್ರೆಗೆ ಹೋಗಬೇಕು ಅಂತಲೂ ಹೇಳಿದೆ.

ಬಿಪಿ 150/98 ಇತ್ತು. ಇಸಿಜಿಯಲ್ಲಿ ಬಡಿತ ಜೋರು ಅನ್ನುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಪುಣ್ಯ.

ತೂಕ ಮತ್ತೆ ಏರುತ್ತದೆ ಅಂತ ಮೊದಲೇ ಹೇಳಿಟ್ಟೆ. ಹಸಿವು ವಾಪಸ್ ಬಂದಾಗ ಏರಲೇಬೇಕಲ್ವಾ? ಮನೆಯ ತೂಕದ ಯಂತ್ರವನ್ನು ಅಟ್ಟಕ್ಕೆ ಹಾಕಿಸಿದೆ, ತೂಕ ನೋಡುವುದು ತಿಂಗಳಿಗೊಮ್ಮೆ ಡಾಕ್ಟರಲ್ಲಿ ಮಾತ್ರ. ಬೆಳಿಗ್ಗೆ ಏನಾದರೂ ತಿನ್ನಲೇಬೇಕು, ಕುಚ್ಚಲಕ್ಕಿ ಗಂಜಿ ಆದರೂ ಸೈ.

ಕಷ್ಟವಾದದ್ದು ಇನ್ನೊಂದು ಕೆಲಸ. ಯಾವ ಕಾರ್ಯಕ್ರಮಕ್ಕೆ ಹೋದರೂ "ಎಂತ ಮಾರಾಯ್ತಿ, ದಪ್ಪ ಆದೆಯಲ್ಲ!" ಅನ್ನುವವರು ಇದ್ದೇ ಇರುತ್ತಾರೆ. "ಇನ್ನೊಂದು ನೀರುದೋಸೆ ಹಾಕ್ತೇನೆ" ಅನ್ನುವುದೂ ಅದೇ ಬಾಯಿ. ಅಮ್ಮನನ್ನು ಕರೆಸಿದೆ. ಮಾತ್ರೆಯ ವಿಷಯವನ್ನು ಮಗಳೇ ಹೇಳಿದಳು. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದರು. "ಇವಳು ಮೊದಲು ಇಳಿದಾಗ ಎಲ್ಲರೂ ಹೊಗಳಿದ್ರು. ನಾನೂ ಹೊಗಳಿದೆ ಮೇಡಂ" ಅಂದರು. ಇನ್ನು ಮಗಳ ಮೈ ಬಗ್ಗೆ ಯಾರು ಮಾತೆತ್ತಿದರೂ "ಅದು ಬಿಡಿ, ಊಟ ಆಯ್ತಾ?" ಅಂತ ಮಾತು ತಿರುಗಿಸುವುದು ಅವರ ಪಾಲಿನ ಕೆಲಸ ಅಂದೆ. ದೊಡ್ಡಮ್ಮನ ಎದುರು ಅದು ಕಷ್ಟ ಅಂತ ನಕ್ಕರು.

ನಾಲ್ಕು ತಿಂಗಳಾಯಿತು. ಬಿಪಿ ಇಳಿದಿದೆ, ನಿದ್ದೆ ಬರುತ್ತಿದೆ, ತೂಕ 5 ಕೆಜಿ ಏರಿದೆ. ಹೋದ ವಾರ ಆಫೀಸಲ್ಲಿ ಹನ್ನೊಂದು ಗಂಟೆಗೆ ಹೊಟ್ಟೆ ಗುರ್ ಅಂತಂತೆ. ನಾಚಿಕೆ ಆಗಿ ಕೆಳಗಿನ ಹೋಟೆಲಿಗೆ ಹೋಗಿ ಗೋಳಿಬಜೆ ತಿಂದಳಂತೆ. ಅದನ್ನು ಹೇಳಿ ಎದ್ದವಳು ಬಾಗಿಲ ಹತ್ತಿರ ನಿಂತಳು.

"ಮೇಡಂ, ಕಪಾಟಲ್ಲಿ ಇನ್ನೊಂದು ಬಾಟಲಿ ಉಂಟು."

ಮುಂದಿನ ಗುರುವಾರ ಅದನ್ನೂ ತರಲು ಹೇಳಿದ್ದೇನೆ.